ಹಿಮ್ಮಡಿ ಇಲ್ಲದ ಹೆಜ್ಜೆ

ಆ ದಿನ ಎಂದಿನಂತೆಯೇ ಇತ್ತು. ಬೆಳಿಗ್ಗೆ ಕರೆಂಟು ಹೋಗಿ ಹತ್ತರ ಸುಮಾರಿಗೆ ಬಂತು. ಬಂದ ಕೂಡಲೇ ನಾನು ಗಿರಣಿ ಹಚ್ಚಿದೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ಎಂದರೆ ನಮ್ಮದೇ. ಮುಂದಿನ ಕೋಣೆಯಲ್ಲಿ ಗಿರಣಿ, ಹಿಂದೆ ಮನೆ, ನಡುವೆ ಒಂದು ಹೊಸ್ತಿಲು. ನನ್ನ ಹೆಂಡತಿ ಆ ಹೊಸ್ತಿಲ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗಳು ಅವಳ ಬೆನ್ನಿಗೆ ಬೆನ್ನು ಒತ್ತಿಕೊಂಡು ಕುಳಿತಿದ್ದಳು. ದಿನದ ಹೆಚ್ಚು ಹೊತ್ತು ಅವರು ಹಾಗೆಯೇ ಇರುತ್ತಿದ್ದರು. ಒಬ್ಬಳ ಮುಖ ಗಿರಣಿಯ ಕಡೆ, ಒಬ್ಬಳದು ಅಡುಗೆಮನೆಯ ಕಡೆ.

ಮಗಳಿಗೆ ಆಗ ಐದು ವರ್ಷ. ಮಾತು ಸ್ವಲ್ಪ ಬಂದಿತ್ತು, ಆದರೆ ಅವಳು ಯಾರನ್ನೂ ಕರೆಯುತ್ತಿರಲಿಲ್ಲ. ಬೇಕಾದದ್ದನ್ನು ನಮ್ಮ ಕೈ ಹಿಡಿದು ಎಳೆದು ತೋರಿಸುತ್ತಿದ್ದಳು. ಕುಕ್ಕರಿನ ಸೀಟಿ ಹೊಡೆಯುವ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಆದರೆ ಗಿರಣಿಯ ಸದ್ದು ಅವಳಿಗೆ ಏನೂ ಮಾಡುತ್ತಿರಲಿಲ್ಲ. ಗಿರಣಿ ಓಡುವಾಗ ಬಂದು ಗೋಣಿಚೀಲದ ಮೇಲೆ ಮಲಗಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ನೆಲದ ನಡುಕವನ್ನು ಕೇಳುತ್ತಿದ್ದಳು. ಬರಿಗಾಲು ನೆಲಕ್ಕೆ ತಾಗಿದರೆ ಅಳುತ್ತಿದ್ದಳು. ಅದಕ್ಕೆ ನನ್ನ ಹೆಂಡತಿ ಅವಳಿಗೆ ಬೆಳಿಗ್ಗೆಯೇ ದಪ್ಪ ಕಾಲುಚೀಲ, ಬೂಟು ಹಾಕಿಬಿಡುತ್ತಿದ್ದಳು. ಮಲಗುವವರೆಗೆ ತೆಗೆಯುತ್ತಿರಲಿಲ್ಲ. ಗಿರಣಿಯವನ ಮಗಳಾಗಿಯೂ ಹಿಟ್ಟನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಬೆರಳಿಗೆ ಒಂದಿಷ್ಟು ಹತ್ತಿದರೂ ಕೈಯನ್ನು ಮೈಯಿಂದ ದೂರ ಹಿಡಿದು, ಅದು ತನ್ನ ಕೈಯೇ ಅಲ್ಲ ಎನ್ನುವಂತೆ ನಿಲ್ಲುತ್ತಿದ್ದಳು.

ಸಂಜೆ ಡಬ್ಬಿ ತಂದವರ ಗದ್ದಲ ಮುಗಿದ ಮೇಲೆ ನಾನು ಗಿರಣಿಯ ಕಲ್ಲು ಸ್ವಚ್ಛ ಮಾಡುತ್ತಿದ್ದೆ. ಆ ಹೊತ್ತಿಗೆ ಹೆಂಡತಿ ಮಗಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡುತ್ತಿದ್ದಳು. ಬಾಗಿಲ ಹಿಂದಿನಿಂದ ಹೊದೆಯುವ ಕೌದಿ ಕೊಡವಿದ ಸದ್ದು ಬರುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಗಳ ನಗು. ದಿನಕ್ಕೆ ಒಮ್ಮೆ ಮಾತ್ರ ಬರುವ, ಹೊಟ್ಟೆಯೊಳಗಿನಿಂದ ಎದ್ದು ಬರುವ ನಗು. ಅದರ ಹಿಂದೆಯೇ ಅವಳು ಮಲಗಿಬಿಡುತ್ತಿದ್ದಳು. ಅಂದೂ ಹಾಗೆಯೇ ಆಯಿತು. ನಾನು ಕಲ್ಲಿನ ಸಂದಿಯ ಹಿಟ್ಟನ್ನು ಬ್ರಷ್ಷಿನಿಂದ ತೆಗೆಯುತ್ತ ಅದನ್ನು ಕೇಳಿದೆ.

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ನೀರಿಗೆ ಉರಿ ಹಾಕಲು ಎದ್ದವಳು ಒಲೆಯ ಮುಂದೆ ಕುಳಿತಲ್ಲೇ ಒಂದು ಕಡೆಗೆ ವಾಲಿದಳು. ತಲೆಯಲ್ಲಿ ನರ ಒಡೆದಿದೆ ಎಂದು ಬೆಳಗಾವಿಯ ಆಸ್ಪತ್ರೆಯಲ್ಲಿ ಹೇಳಿದರು. ಅಲ್ಲಿಂದ ಅವಳನ್ನು ತಂದು ಪಡಸಾಲೆಯಲ್ಲಿ ಮಲಗಿಸಿದಾಗ ಅವಳು ಇರಲಿಲ್ಲ.

ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಇದೆ. ಮಣ್ಣು ಕೊಟ್ಟು ಬಂದ ಸಂಜೆ, ಸತ್ತವರನ್ನು ಮಲಗಿಸಿದ್ದ ಜಾಗವನ್ನು ಸಾರಿಸಿ, ಅಲ್ಲಿ ದೀಪ ಹಚ್ಚಿ ಬುಟ್ಟಿ ಮುಚ್ಚುತ್ತಾರೆ. ಬುಟ್ಟಿಯ ಸುತ್ತ ನುಣ್ಣಗಿನ ಹಿಟ್ಟು ಹರಡುತ್ತಾರೆ. ಜೀವ ಒಂದು ಸಲ ಮನೆ ನೋಡಲು ಬರುತ್ತದೆ, ಬಂದದ್ದರ ಗುರುತು ಹಿಟ್ಟಿನ ಮೇಲೆ ಮೂಡುತ್ತದೆ ಎಂದು ನಂಬಿಕೆ. ಕೆಲವರ ಮನೆಯಲ್ಲಿ ಹಕ್ಕಿಯ ಕಾಲು ಮೂಡಿತ್ತಂತೆ, ಕೆಲವರಲ್ಲಿ ಇರುವೆ ಹರಿದ ಗೆರೆ. ಏನೋ ಒಂದು ಗುರುತು ಬಂದು, ಅದು ಹೊರಗೆ ಹೋದದ್ದೂ ಕಂಡರೆ, ಹೆಂಗಸರು ನಿಟ್ಟುಸಿರು ಬಿಟ್ಟು ಹಿಟ್ಟನ್ನು ಗುಡಿಸಿ ತೆಗೆಯುತ್ತಾರೆ. ಬಂದದ್ದು ಎಷ್ಟು ಮುಖ್ಯವೋ ಹೋದದ್ದೂ ಅಷ್ಟೇ ಮುಖ್ಯ.

ಅಕ್ಕಿಯ ಹಿಟ್ಟು ನಮ್ಮ ಗಿರಣಿಯದೇ. ನಾನೇ ಡಬ್ಬಿ ತಂದುಕೊಟ್ಟೆ. ರಾಮದುರ್ಗದಿಂದ ಬಂದಿದ್ದ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಅದನ್ನು ತೆಳುವಾದ ಅರಿವೆಯಲ್ಲಿ ಸೋಸಿ ಬುಟ್ಟಿಯ ಸುತ್ತ ಉದುರಿಸಿದರು. ಮಗಳನ್ನು ಒಳಮನೆಯಲ್ಲಿ ತಮ್ಮ ಮಗ್ಗುಲಲ್ಲಿ ಗೋಡೆಯ ಕಡೆ ಮಲಗಿಸಿಕೊಂಡರು.

ಬೆಳಕು ಹರಿದಾಗ ಹಿಟ್ಟಿನ ಮೇಲೆ ಹೆಜ್ಜೆಗಳಿದ್ದವು.

ಸಣ್ಣ ಹೆಜ್ಜೆಗಳು. ಬೆರಳುಗಳು ಮತ್ತು ಬೆರಳ ಬುಡದ ಗುಂಡು ಮಾತ್ರ. ಹಿಮ್ಮಡಿಯ ಗುರುತು ಒಂದರಲ್ಲೂ ಇರಲಿಲ್ಲ. ಒಳಮನೆಯ ಬಾಗಿಲ ಕಡೆಯಿಂದ ಬಂದು ನೇರವಾಗಿ ಬುಟ್ಟಿಯ ತನಕ ಹೋಗಿದ್ದವು. ಅಲ್ಲಿಗೆ ಮುಗಿದಿದ್ದವು. ತಿರುಗಿ ಬಂದ ಹೆಜ್ಜೆ ಒಂದೂ ಇರಲಿಲ್ಲ. ಬುಟ್ಟಿಯ ಆಚೆಗಿನ ಹಿಟ್ಟು ಉದುರಿಸಿದ ಹಾಗೆಯೇ ಇತ್ತು.

ಅತ್ತೆ ಬಹಳ ಹೊತ್ತು ಬಗ್ಗಿ ನೋಡಿದರು. ಯಾರೂ ಅಳಲಿಲ್ಲ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಹೇಳಿದರು:

“ಬಂದಾಳ. ಹೋಗಿಲ್ಲ.”

ಆ ಮಾತು ಓಣಿಯ ತುಂಬ ಹೋಯಿತು. ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿದರು. ಸತ್ತವರ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ಸತ್ತವರ ಪಾದ ಸಣ್ಣದಾಗುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ಮಗಳು ರಾತ್ರಿಯೆಲ್ಲ ತಮ್ಮ ಕೈಯ ಕೆಳಗೇ ಇದ್ದಳು ಎಂದು ಅತ್ತೆ ಆಣೆ ಮಾಡಿದರು. ಮಗಳ ಬರಿಗಾಲನ್ನು ನೋಡಿದವರೇ ಕಡಿಮೆ. ಆ ಬೆಳಿಗ್ಗೆಯೂ ಯಾರೋ ಅವಳಿಗೆ ಕಾಲುಚೀಲ, ಬೂಟು ಹಾಕಿ ಕೂಡಿಸಿದ್ದರು. ಹಿಟ್ಟನ್ನು ಗುಡಿಸಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ನಾನೇ ಗುಡಿಸಿದೆ. ಗಿರಣಿಯವನ ಕೈಗೆ ಹಿಟ್ಟು ಹೊಸದಲ್ಲ. ಆದರೂ ಆ ಹಿಟ್ಟು ನನಗೆ ತಣ್ಣಗೆ ಅನಿಸಿತು.

ಆಮೇಲಿನ ದಿನಗಳಲ್ಲಿ ಮನೆ ಬೇರೆಯೇ ಆಯಿತು. ಮಗಳು ಇದ್ದಕ್ಕಿದ್ದಂತೆ ಕಾಣೆಯಾಗುತ್ತಿದ್ದಳು. ಹುಡುಕಿದರೆ ಗಿರಣಿಯ ಹಿಂದೆ ಜೋಳದ ಚೀಲ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ತನ್ನನ್ನು ತುರುಕಿಕೊಂಡು ನಿಂತಿರುತ್ತಿದ್ದಳು, ಕಣ್ಣು ತೆರೆದು, ಸದ್ದಿಲ್ಲದೆ. ಬೆಳಕಿಂಡಿಯಿಂದ ಬಿಸಿಲು ಬಿದ್ದಾಗ ಹಿಟ್ಟಿನ ಧೂಳು ಅದರಲ್ಲಿ ತೇಲುತ್ತದೆ. ಅವಳು ಅದರ ಮುಂದೆ ನಿಂತು ಬೆರಳಾಡಿಸುತ್ತಿದ್ದಳು. ಎದುರಿಗೆ ಯಾರೋ ಇದ್ದು ಅವರ ಬೆರಳಿಗೆ ಇವಳು ಉತ್ತರ ಕೊಡುತ್ತಿರುವ ಹಾಗೆ ಕಾಣುತ್ತಿತ್ತು. ಪಡಸಾಲೆಯಲ್ಲಿ ತಾಯಿಯನ್ನು ಮಲಗಿಸಿದ್ದ ಜಾಗಕ್ಕೆ ಹೋಗಿ ಅಂಗಾತ ಮಲಗುತ್ತಿದ್ದಳು, ತಲೆ ಅದೇ ದಿಕ್ಕಿಗೆ. ಊಟ ಅರ್ಧ ಬಿಟ್ಟಳು. ನಿದ್ದೆ ಪೂರ್ತಿ ಬಿಟ್ಟಳು. ತಲೆ ಬಾಚಲು ಹೋದರೆ ಅವಳು ಕೂಗುವುದನ್ನು ಕೇಳಿ ಎದುರಿನ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು.

ಮತ್ತೊಂದು ಇತ್ತು. ಮಲಗುವ ಹೊತ್ತಿಗೆ ಅವಳು ನನ್ನ ಬಲಗೈಯನ್ನು ಹಿಡಿದು ತನ್ನ ಬೆನ್ನ ಮೇಲೆ, ಎರಡು ಹೆಗಲುಗಳ ನಡುವೆ ಇಡುತ್ತಿದ್ದಳು. ಇಟ್ಟು ಕಾಯುತ್ತಿದ್ದಳು. ನಾನು ಸವರುತ್ತಿದ್ದೆ. ತಟ್ಟುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನೋಡಿ ಕೈಯನ್ನು ತೆಗೆದು ಬದಿಗೆ ಇಡುತ್ತಿದ್ದಳು, ಬೇರೆಯವರ ಸಾಮಾನನ್ನು ತಿರುಗಿ ಕೊಡುವ ಹಾಗೆ.

ಗಿರಣಿಗೆ ಬರುವವರು ಕಡಿಮೆಯಾದರು. ಬಂದವರಲ್ಲಿ ಒಬ್ಬ, ನನ್ನ ಜೊತೆಗೆ ಶಾಲೆ ಕಲಿತವನು, ಡಬ್ಬಿ ಇಡುತ್ತ ನಗೆಚಾಟಿಕೆ ಮಾಡಿದ: “ನಿಮ್ಮ ಮನ್ಯಾಗ ಹಿಟ್ಟಿನ ಮ್ಯಾಲೆ ಹೆಜ್ಜಿ ಮೂಡತಾವಂತಲ್ಲೋ. ನನ್ನ ಡಬ್ಬಿ ಅಟ ಜರಡಿ ಹಿಡದ ಕೊಡಪಾ.” ನಾನೂ ನಕ್ಕೆ. ಅವನು ಹೋದ ಮೇಲೆ ಅವನ ಹಿಟ್ಟನ್ನು ನಿಜವಾಗಿಯೂ ನೋಡಿದೆ.

ನನಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಯ ಕೆಳಗೆ ಇನ್ನೊಂದು ಇತ್ತು. ಪಡಸಾಲೆ ದಾಟುವಾಗ ನಾನು ಆ ಜಾಗವನ್ನು ತುಳಿಯದೆ ಸುತ್ತಿ ಹೋಗುತ್ತಿದ್ದೆ. ಗಿರಣಿ ನಿಲ್ಲಿಸಿದ ಕೂಡಲೇ ಕಿವಿಗೊಟ್ಟು ನಿಲ್ಲುತ್ತಿದ್ದೆ. ಅವಳು ಹೋಗಿಲ್ಲ ಎಂದರೆ ಇದ್ದಾಳೆ ಎಂದೇ ಅಲ್ಲವೇ?

ಅತ್ತೆಗೆ ಹಾಗಲ್ಲ. ಅವರ ಭಯ ಮೊಮ್ಮಗಳದು. ಹೋಗದೆ ಉಳಿದ ತಾಯಿ ಕೂಸನ್ನು ಹಿಡಿಯುತ್ತಾಳೆ, ಕೊನೆಗೆ ತನ್ನ ಸಂಗಡ ಕರೆದುಕೊಂಡು ಹೋಗುತ್ತಾಳೆ ಎಂದು ಅವರ ಎದೆ ಹೊಡೆದುಕೊಳ್ಳುತ್ತಿತ್ತು. ಕೂಸು ದಿನದಿನಕ್ಕೆ ಸೊರಗುತ್ತಿದ್ದದ್ದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಸವದತ್ತಿಯ ಆಚೆ ಒಂದು ಹಳ್ಳಿಯಲ್ಲಿ ನೋಡುವವನೊಬ್ಬ ಇದ್ದಾನೆ, ಅಮಾವಾಸ್ಯೆಗೆ ಕರೆದುಕೊಂಡು ಹೋಗೋಣ ಎಂದರು. ಅಲ್ಲಿ ಏನು ಮಾಡುತ್ತಾರೆ ಎಂದು ಕೇಳಿದೆ. ಕಂಬಳಿ ಮುಚ್ಚಿ ಒಣಮೆಣಸಿನಕಾಯಿಯ ಹೊಗೆ ಹಾಕುತ್ತಾರೆ, ಒಳಗಿದ್ದದ್ದು ಬಾಯಿ ಬಿಡುತ್ತದೆ ಎಂದರು. ಹೇಳುವಾಗ ಅವರೇ ಅತ್ತರು. ಕುಕ್ಕರಿನ ಸೀಟಿ ತಡೆಯದ ಮಗಳನ್ನು ಆ ಹೊಗೆಯಲ್ಲಿ ನಾನು ಕಲ್ಪಿಸಿಕೊಂಡೆ. ಬೇಡ ಎನ್ನಲು ನನ್ನ ಹತ್ತಿರ ಬೇರೆ ದಾರಿ ಇರಲಿಲ್ಲ.

ಬೇರೆ ದಾರಿ ಹೇಳಿದವಳು ನಮ್ಮ ಓಣಿಯ ಅಂಗನವಾಡಿಯ ಅಕ್ಕ. ಇಂಥ ಮಕ್ಕಳಿಗಾಗಿ ಧಾರವಾಡದಿಂದ ಒಬ್ಬ ಮೇಡಂ ವಾರಕ್ಕೊಮ್ಮೆ ಬರುತ್ತಾರೆ, ಶಾಲೆಯ ಹಿಂದಿನ ಕೋಣೆಯಲ್ಲಿ ಕೂಡುತ್ತಾರೆ, ಅದಕ್ಕೆ ಆಕ್ಯುಪೇಶನಲ್ ಥೆರಪಿ ಅನ್ನುತ್ತಾರೆ, ಒಮ್ಮೆ ತೋರಿಸು ಎಂದಳು. ಅಮಾವಾಸ್ಯೆ ಹತ್ತಿರವಿತ್ತು. ಮೊದಲು ಇದು, ಆಮೇಲೆ ಅದು ಎಂದು ಅತ್ತೆಯನ್ನು ಒಪ್ಪಿಸಿದೆ. ಅವರೂ ಸಂಗಡ ಬಂದರು.

ಕೋಣೆ ನಾನು ಎಣಿಸಿದಂತೆ ಇರಲಿಲ್ಲ. ಸೂಜಿ ಇಲ್ಲ, ಔಷಧದ ವಾಸನೆ ಇಲ್ಲ. ತೊಲೆಗೆ ಕಟ್ಟಿದ ಜೋಕಾಲಿ, ದೊಡ್ಡ ಚೆಂಡು, ಟಯರು, ಕಾಳು ತುಂಬಿದ ಸಣ್ಣ ಸಣ್ಣ ಚೀಲಗಳು. ಮೇಡಂ ವಯಸ್ಸಿನಲ್ಲಿ ನನ್ನ ಹೆಂಡತಿಗಿಂತ ಚಿಕ್ಕವರು. ನೆಲದ ಮೇಲೆಯೇ ಕುಳಿತರು. ಮಗಳನ್ನು ಮುಟ್ಟಲಿಲ್ಲ, ಕರೆಯಲಿಲ್ಲ. ನಮ್ಮನ್ನು ಕೇಳುತ್ತ ಹೋದರು. ಏನು ತಿನ್ನುತ್ತಾಳೆ, ಯಾವುದನ್ನು ಉಗುಳುತ್ತಾಳೆ, ಉಗುರು ತೆಗೆಯಲು ಬಿಡುತ್ತಾಳೆಯೇ, ಯಾವ ಬಟ್ಟೆ ಹಾಕಿದರೆ ಕಿತ್ತುಹಾಕುತ್ತಾಳೆ, ಹೇಗೆ ಮಲಗುತ್ತಿದ್ದಳು. ಕೆಲವಕ್ಕೆ ಅತ್ತೆ ಉತ್ತರ ಕೊಟ್ಟರು, ಕೆಲವಕ್ಕೆ ನಾನು. ಉಳಿದವಕ್ಕೆ ಉತ್ತರ ಕೊಡುವವಳು ನಮ್ಮಲ್ಲಿ ಇರಲಿಲ್ಲ.

ಇದೆಲ್ಲ ಏನು ಚಿಕಿತ್ಸೆ ಎಂದು ನಾನು ಕೇಳಿದೆ. ಹೆಸರಿನ ಅರ್ಥ ಉದ್ಯೋಗಕ್ಕೆ ಸಂಬಂಧಿಸಿದ್ದು ಎಂದು ಅವರು ಹೇಳುವಷ್ಟರಲ್ಲಿ ಅತ್ತೆ ತಡೆದರು.

“ಐದ ವರ್ಷದ ಕೂಸಿಗೆ ಎಂಥಾ ಉದ್ಯೋಗರಿ? ಇನ್ನ ಹಲ್ಲ ಬಿದ್ದಿಲ್ಲ.”

ಮೇಡಂ ನಕ್ಕರು. “ಉಣ್ಣೂದು, ಉಡೂದು, ಆಡೂದು, ಮಲಗೂದು. ಕೂಸಿಗೆ ಅದ ಉದ್ಯೋಗ ಅವ್ವಾರ. ನಮಗ ಬಿಟ್ಟಿ ಸಿಕ್ಕೈತಿ. ಇಕಿಗೆ ಒಂದೊಂದೂ ಕಲ್ಲ ಎತ್ತಿದಂಗ.”

ಮೈಗೆ ತನ್ನ ಗುರುತು ತನಗೇ ಇರಬೇಕು, ಕಣ್ಣು ಮುಚ್ಚಿದರೂ ನಮ್ಮ ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂದು ನಮಗೆ ತಿಳಿಯುತ್ತದೆ, ಕೆಲವು ಮಕ್ಕಳಿಗೆ ಅದು ಸರಿಯಾಗಿ ತಿಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ತನ್ನ ಮೈ ಎಲ್ಲಿಗೆ ಮುಗಿಯುತ್ತದೆ, ಗಾಳಿ ಎಲ್ಲಿಂದ ಸುರುವಾಗುತ್ತದೆ ಎಂಬುದೇ ಮಸುಕು. ಅದಕ್ಕೆ ಅವು ಸಂದಿಯಲ್ಲಿ ತುರುಕಿಕೊಳ್ಳುತ್ತವೆ, ಭಾರದ ಕೆಳಗೆ ಸೇರುತ್ತವೆ, ನಡುಗುವ ನೆಲಕ್ಕೆ ಕೆನ್ನೆ ಹಚ್ಚುತ್ತವೆ. ಚೀಲ ಒತ್ತಿದಾಗ ಇಲ್ಲಿಯ ತನಕ ನಾನು ಎಂದು ಮೈಗೆ ಗೊತ್ತಾಗುತ್ತದೆ. ಗಡಿಯಿಲ್ಲದೆ ಮನೆಯಲ್ಲಿ ತೇಲುತ್ತಿದ್ದವಳು ನನ್ನ ಹೆಂಡತಿಯಲ್ಲ, ಮಗಳು ಅನಿಸಿತು.

ಆಮೇಲೆ ನಡಿಗೆ ನೋಡಬೇಕು ಎಂದರು. ನೆಲದ ಮೇಲೆ ಕಪ್ಪು ರೆಕ್ಸಿನ್ ಹಾಸಿದರು. ಪಾದ ಎಲ್ಲಿ ಊರುತ್ತಾಳೆ ಎಂದು ಗುರುತು ಸಿಗಲಿ ಎಂದು ಅದರ ಮೇಲೆ ಪೌಡರು ಉದುರಿಸಿದರು. ತೆಳುವಾಗಿ, ಎಲ್ಲ ಕಡೆಯೂ ಒಂದೇ ಸಮ. ಅತ್ತೆ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಲಿಲ್ಲ. ಆ ತುದಿಯಲ್ಲಿ ಒಂದು ಬುಗುರಿ ಇಟ್ಟು ತಿರುಗಿಸಿದರು. ಮಗಳ ಬೂಟು, ಕಾಲುಚೀಲ ತೆಗೆದೆವು.

ಅವಳು ಅಂಚಿನಲ್ಲಿ ನಿಂತು ಪೌಡರನ್ನು ನೋಡಿದಳು, ಬುಗುರಿಯನ್ನು ನೋಡಿದಳು. ಆಮೇಲೆ ಹಿಮ್ಮಡಿಯನ್ನು ಮೇಲೆತ್ತಿ, ಬೆರಳುಗಳ ಮೇಲೆ, ಉಸಿರು ಹಿಡಿದು ಹೋದಳು. ಬುಗುರಿ ತೆಗೆದುಕೊಂಡಳು. ತಿರುಗಲಿಲ್ಲ. ಮುಖವನ್ನು ಅತ್ತಲೇ ಇಟ್ಟುಕೊಂಡು ಹಿಂದೆ ಹಿಂದೆ ಬಂದಳು, ಒಂದೊಂದು ಪಾದವನ್ನೂ ತಾನು ಮೊದಲು ತುಳಿದಿದ್ದ ಗುರುತಿನಲ್ಲಿಯೇ ಇಡುತ್ತ. ಹೊಸ ಪೌಡರನ್ನು ಒಂದು ಸಲವೂ ತುಳಿಯಲಿಲ್ಲ. ಅವಳು ಹೊರಗೆ ಬಂದು ನಿಂತಾಗ ಕಪ್ಪು ಹಾಸಿನ ಮೇಲೆ ಸಣ್ಣ ಹೆಜ್ಜೆಗಳಿದ್ದವು. ಹಿಮ್ಮಡಿ ಇಲ್ಲ. ಒಳಗೆ ಹೋದವು ಮಾತ್ರ, ಹೊರಗೆ ಬಂದದ್ದು ಒಂದೂ ಇಲ್ಲ.

ಮೇಡಂಗೆ ಇದು ದಿನದ ಕೆಲಸ. ಅವರು ಬಗ್ಗಿ ನೋಡುತ್ತ ತಮ್ಮಷ್ಟಕ್ಕೆ ಹೇಳುತ್ತಿದ್ದರು, ಅಂಗಾಲು ಬಹಳ ಸೂಕ್ಷ್ಮ, ಪುಡಿ ಅಂದರೆ ಅವಳಿಗೆ ಮುಳ್ಳು, ಒಮ್ಮೆ ತುಳಿದಲ್ಲಿ ಪುಡಿ ಕಡಿಮೆ ಇರುತ್ತದೆ, ಅದಕ್ಕೆ ಅಲ್ಲಿಯೇ ತುಳಿಯುತ್ತಾಳೆ, ಜಾಣೆ ಎಂದು.

ಅತ್ತೆ ನನ್ನ ಮುಂಗೈ ಹಿಡಿದುಕೊಂಡಿದ್ದರು. ಅಳಿಯನ ಕೈ ಅವರು ಅದಕ್ಕೆ ಮೊದಲು ಎಂದೂ ಹಿಡಿದವರಲ್ಲ.

“ಹಂಗಾರ ಅಕಿ ಬಂದೇ ಇಲ್ಲೇನ್ರಿ?”

ಅವರಿಗೆ ಸಮಾಧಾನವಾಗುತ್ತದೆ ಎಂದು ನಾನು ತಿಳಿದಿದ್ದೆ. ಕೂಸನ್ನು ಯಾರೂ ಹಿಡಿದಿಲ್ಲ, ಯಾರೂ ಕರೆದುಕೊಂಡು ಹೋಗುವುದಿಲ್ಲ. ಆದರೆ ಅವರು ಅಲ್ಲಿಯ ಬೆಂಚಿನ ಮೇಲೆ ಕುಳಿತು, ತಮ್ಮ ಮಗಳು ಸತ್ತ ದಿನ ಅಳದ ಅಳುವನ್ನು ಅತ್ತರು. ನಾನು ಗೋಡೆ ನೋಡುತ್ತ ನಿಂತೆ. ಅಷ್ಟು ದಿನ ಗಿರಣಿ ನಿಲ್ಲಿಸಿ ಕಿವಿಗೊಟ್ಟದ್ದು, ಪಡಸಾಲೆಯಲ್ಲಿ ಸುತ್ತಿ ನಡೆದದ್ದು, ಎಲ್ಲ ಒಂದೇ ಸಲ ಖಾಲಿಯಾಯಿತು. ಅಲ್ಲಿ ಇದ್ದದ್ದು ಬರಿಯ ನೆಲ.

ಅತ್ತೆ ಮೇಡಂಗೆ ಹಿಟ್ಟಿನ ಸಂಗತಿಯನ್ನೆಲ್ಲ ಹೇಳಿದರು. ಅದಕ್ಕೆ ಅವರು ಹೇಳಿದ ಮಾತು ನನಗೆ ಇಂದಿಗೂ ಕೇಳಿಸುತ್ತದೆ.

“ಅಟು ಮುಳ್ಳ ತುಳದ ಹೋಗ್ಯಾಳಂದ್ರ, ಅಲ್ಲಿ ಅಕಿಗೆ ಏನೋ ಬೇಕಾಗಿತ್ತರಿ ಅಣ್ಣಾರ.”

ಅಮಾವಾಸ್ಯೆಗೆ ನಾವು ಎಲ್ಲಿಗೂ ಹೋಗಲಿಲ್ಲ.

ವಾರ ವಾರ ಆ ಕೋಣೆಗೆ ಹೋದೆವು. ಹೆಚ್ಚಿನ ಕೆಲಸ ಮನೆಯದೇ. ಬೂಟನ್ನು ದಿನಕ್ಕೆ ಸ್ವಲ್ಪ ಹೊತ್ತು ಬಿಡಿಸಬೇಕು. ಮೊದಲು ಜೋಳದ ಕಾಳಿನಲ್ಲಿ ಕಾಲು, ಕೈ. ಅದು ರೂಢಿಯಾದ ಮೇಲೆ ನುಚ್ಚು, ಆಮೇಲೆ ರವೆ, ಎಲ್ಲಕ್ಕಿಂತ ಕೊನೆಗೆ ಹಿಟ್ಟು. ಅವಳು ಬೇಡ ಅಂದರೆ ಅಲ್ಲಿಗೇ ನಿಲ್ಲಿಸಬೇಕು. ತುಂಬಿದ ಸಣ್ಣ ಡಬ್ಬಿಗಳನ್ನು ಗಿರಾಕಿಗಳ ತನಕ ಅವಳಿಂದಲೇ ಹೊರಿಸಬೇಕು, ಚೀಲ ನೂಕಿಸಬೇಕು, ತಲೆ ಬಾಚುವ ಮೊದಲು ನೆತ್ತಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಒತ್ತಬೇಕು. ಹಗುರಾಗಿ ಸವರುವುದು ಅವಳಿಗೆ ಇರುವೆ ಹರಿದಂತೆ ಎಂದು ಅಲ್ಲಿಯೇ ನನಗೆ ತಿಳಿದದ್ದು. ನನ್ನ ಹೆಂಡತಿ ಬೆನ್ನಿಗೆ ಬೆನ್ನು ಕೊಟ್ಟು ಕೂಡುತ್ತಿದ್ದದ್ದನ್ನು ಹೇಳಿದಾಗ ಮೇಡಂ, ಅದೂ ಇದೇ ಕೆಲಸ, ಹೆಸರಿಲ್ಲದೆ ಮಾಡುತ್ತಿದ್ದರು ಎಂದರು.

ಏನು ಹೊದ್ದು ಮಲಗುತ್ತಿದ್ದಳು ಎಂದೂ ಕೇಳಿದರು. ತಾಯಿಮಗಳು ಹೊದೆಯುತ್ತಿದ್ದದ್ದು ಒಂದು ಹಳೆಯ ಕೌದಿ. ಸತ್ತವರ ಹಾಸಿಗೆ ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಮಣ್ಣು ಕೊಟ್ಟ ದಿನವೇ ಅದನ್ನು ಹೊರಗೆ ಹಾಕಿದ್ದೆವು. ಅತ್ತೆ ರಾಮದುರ್ಗಕ್ಕೆ ಹೋದರು. ತಿರುಗಿ ಬರುವಾಗ, ಸವದತ್ತಿಯಲ್ಲಿ ಬಸ್ಸು ಬದಲಿಸಿ, ತಲೆಯ ಮೇಲೆ ಒಂದು ಹೊಸ ಕೌದಿ ಹೊತ್ತು ಬಂದರು. ತಮ್ಮ ಹಳೆಯ ನೂಲಿನ ಸೀರೆಗಳನ್ನು ಪದರ ಪದರ ಹಾಕಿ ಹೊಲಿದದ್ದು. ಎತ್ತಲು ನನಗೇ ಭಾರ. ಅದರ ಕೆಳಗೆ ಮಗಳು ಆ ರಾತ್ರಿ ಕದಲದೆ ಮಲಗಿದಳು.

ಮಳೆಗಾಲದ ನಡುವೆ ಒಂದು ಬೆಳಿಗ್ಗೆ, ಇನ್ನೂ ಪೂರ್ತಿ ಬೆಳಕಾಗುವ ಮೊದಲು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿ ನನಗೆ ಎಚ್ಚರವಾಯಿತು. ಎರಡು ಬಡಿತ, ಒಂದು ತಡೆ, ಮತ್ತೆ ಎರಡು ಬಡಿತ. ರೊಟ್ಟಿ ಬಡಿಯುವ ಕೈ ಒಬ್ಬರದು ಇನ್ನೊಬ್ಬರ ಹಾಗೆ ಇರುವುದಿಲ್ಲ. ಕಣ್ಣು ಮುಚ್ಚಿ ಕೇಳಿದರೆ ಯಾರ ಮನೆ ಎಂದು ಹೇಳಬಹುದು. ಇದು ನನ್ನ ಹೆಂಡತಿಯ ಕೈ. ನಾನು ಏಳಲಿಲ್ಲ. ಎದ್ದರೆ ನಿಲ್ಲುತ್ತದೆ ಎಂದು ಮಲಗಿಯೇ ಕೇಳಿದೆ. ಪಡಸಾಲೆಯಲ್ಲಿ ಅತ್ತೆ ಎದ್ದು ಕುಳಿತದ್ದು ಕಾಣಿಸಿತು. ಅವರ ಮಗ್ಗುಲಲ್ಲಿ ಕೌದಿ ಮಾತ್ರ ಇತ್ತು.

ಇಬ್ಬರೂ ಬಾಗಿಲಿಗೆ ಹೋದೆವು. ಮಗಳು ಕೊಣಮಿಗೆಯ ಮುಂದೆ, ತಾಯಿ ಕೂಡುತ್ತಿದ್ದ ಜಾಗದಲ್ಲಿ, ಬರಿಗಾಲಲ್ಲಿ ಕುಳಿತಿದ್ದಳು. ಕೊಣಮಿಗೆ ಎಂದರೆ ನಾವು ಹಿಟ್ಟು ನಾದಿ ರೊಟ್ಟಿ ಬಡಿಯುವ ಮರದ ಹರಿವಾಣ. ಅದರಲ್ಲಿ ಒಣಹಿಟ್ಟು ಇತ್ತು. ಯಾವ ಹಿಟ್ಟನ್ನು ಕಂಡರೆ ಕೈ ದೂರ ಹಿಡಿಯುತ್ತಿದ್ದಳೋ ಅದರ ಮೇಲೆ ಅಂಗೈ ಬಿಚ್ಚಿ ಬಡಿಯುತ್ತಿದ್ದಳು. ಎರಡು ಬಡಿತ, ಒಂದು ತಡೆ. ಆ ತಡೆಯಲ್ಲಿ ಇಲ್ಲದ ರೊಟ್ಟಿಯನ್ನು ಬೆರಳಿನಿಂದ ಸ್ವಲ್ಪ ತಿರುಗಿಸುತ್ತಿದ್ದಳು. ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ರೊಟ್ಟಿ ಬಡಿಯುವಾಗಲೂ ತಾಯಿಯ ಬೆನ್ನಿಗೆ ಬೆನ್ನು ಹಚ್ಚಿ ಕುಳಿತಿರುತ್ತಿದ್ದವಳು ಆ ಕೈಯನ್ನು ನೋಡಿಯೂ ಇರಲಿಲ್ಲ. ಬೆನ್ನಿನಿಂದ ಅದು ಅವಳೊಳಗೆ ಇಳಿದಿರಬೇಕು.

“ಕೈ ಅಕೀದ,” ಎಂದರು ಅತ್ತೆ. ಅಷ್ಟೇ. ಹೋಗಿ ಒಲೆ ಹಚ್ಚಿದರು.

ಇದನ್ನು ನಾನು ಮೇಡಂಗೆ ಹೇಳಿದೆ. ಅವರು ಸಂತೋಷಪಟ್ಟರು. ಹಿಟ್ಟು ಮುಟ್ಟಿದ್ದಾಳೆ, ಎರಡೂ ಕೈ ಕೂಡಿ ಕೆಲಸ ಮಾಡಿವೆ, ಬಹಳ ಮುಂದೆ ಬಂದಿದ್ದಾಳೆ ಎಂದರು. ಬಡಿತದ ಬಗ್ಗೆ ಮಾತ್ರ ಏನೂ ಹೇಳಲಿಲ್ಲ.

ಈಗ ಅವಳ ಹಿಮ್ಮಡಿ ನೆಲಕ್ಕೆ ಊರುತ್ತದೆ, ಎಲ್ಲ ಸಲವೂ ಅಲ್ಲ, ಹೆಚ್ಚಿನ ಸಲ. ಒಂದು ತುತ್ತು ಹೆಚ್ಚು ತಿನ್ನುತ್ತಾಳೆ. ಚಪ್ಪಲಿ ಹಾಕಿಕೊಂಡು ಶಾಲೆಗೆ ಹೋಗಿ ಅರ್ಧ ದಿನ ಕುಳಿತು ಬರುತ್ತಾಳೆ. ಗಿರಾಕಿಗಳು ತಿರುಗಿ ಬಂದಿದ್ದಾರೆ. ಸಂಜೆ ಗಿರಣಿ ಗುಡಿಸುವಾಗ ನೆಲದ ಹಿಟ್ಟಿನ ಧೂಳಿನಲ್ಲಿ ಅವಳ ಹೆಜ್ಜೆ ಕಾಣುತ್ತದೆ, ಬೆರಳಿನಿಂದ ಹಿಮ್ಮಡಿಯ ತನಕ ಪೂರ್ತಿ, ಹೋದದ್ದು ಬೇರೆ, ಬಂದದ್ದು ಬೇರೆ. ಅದನ್ನು ನೋಡಿದಾಗ ಸಂತೋಷವಾಗುತ್ತದೆ. ಗುಡಿಸಿದ ಮೇಲೆ ನೆಲ ಬಹಳ ಖಾಲಿ ಅನಿಸುತ್ತದೆ.

ಮಲಗುವ ಹೊತ್ತಿಗೆ ನಾನು ಬಾಗಿಲು ಮುಂದೆ ಮಾಡಿ ಕೌದಿ ಕೊಡವುತ್ತೇನೆ. ಅವಳು ನನ್ನ ಬಲಗೈ ತೆಗೆದುಕೊಂಡು ಎರಡು ಹೆಗಲುಗಳ ನಡುವೆ ಇಟ್ಟು ಕಾಯುತ್ತಾಳೆ. ಗಟ್ಟಿಯಾಗಿ ಒತ್ತಿದ್ದೇನೆ, ಕೌದಿಯ ಮೇಲಿಂದ ಒತ್ತಿದ್ದೇನೆ, ರೊಟ್ಟಿ ಬಡಿದ ಹಾಗೆ ಬಡಿದಿದ್ದೇನೆ, ಮೇಡಂ ತೋರಿಸಿದ್ದನ್ನೆಲ್ಲ ಮಾಡಿದ್ದೇನೆ. ಅವಳು ಕೇಳಿಸಿಕೊಳ್ಳುವವಳಂತೆ ತಡೆದು, ಕೈಯನ್ನು ತೆಗೆದು ಬದಿಗಿಟ್ಟು, ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಆ ಬಾಗಿಲ ಹಿಂದೆ ನನ್ನ ಹೆಂಡತಿ ಅವಳ ಬೆನ್ನ ಮೇಲೆ ಏನು ಮಾಡುತ್ತಿದ್ದಳು ಎಂಬುದು ನನಗೆ ಗೊತ್ತಾಗಿಲ್ಲ. ಮಗಳು ಇನ್ನೂ ನಕ್ಕಿಲ್ಲ.